ಕೈಬ್ರೇಕ್ ಎಳೆದ ಮೇಲೆ

ಚಳಿಗೆ ಕಾರು ಸ್ಟಾರ್ಟೇ ಆಗಲಿಲ್ಲ. ಕೀ ತಿರುಗಿಸಿದಾಗೆಲ್ಲ ಒಂದ್ಸಲ ಕೆಮ್ಮಿ ಸುಮ್ಮನಾಗೋದು. ಒಳಗೆ ಕೂತಿದ್ದ ರೇಡಿಯೋ ಅದಕ್ಕೆ ಸಮಾಧಾನ ಹೇಳ್ತಿದ್ದ, ಬೈತಿದ್ದ, ಮತ್ತೆ ಸಮಾಧಾನ ಹೇಳ್ತಿದ್ದ. ರೇಡಿಯೋ ಅಂದ್ರೆ ಮನುಷ್ಯ, ಪೆಟ್ಟಿಗೆ ಅಲ್ಲ. ಟೂರಿಸ್ಟ್ ಬಸ್ ಓಡಿಸ್ತಿದ್ದ ಡ್ರೈವರು, ಈಗ ರಿಟೈರಾಗಿ ಮನೇಲಿದ್ದಾನೆ. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದನ್ನ ಯಾರೂ ನೋಡಿಲ್ಲ, ಅದಕ್ಕೇ ಆ ಹೆಸರು.

ಹೆಂಡತಿ ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತು ನೋಡ್ತಾ ಇದ್ದಳು. ಕೈಯಲ್ಲಿ ಬುತ್ತಿ ಡಬ್ಬಿ, ಟೀ ಫ್ಲಾಸ್ಕು.

"ಅದಕ್ಕೂ ನಿಮ್ಮ ಹಾಗೇ ವಯಸ್ಸಾಯ್ತು. ಇಬ್ಬರೂ ಒಳಗೆ ಬನ್ನಿ, ಬಿಸಿನೀರು ಕಾಯಿಸಿಕೊಡ್ತೀನಿ," ಅಂದಳು.

ರೇಡಿಯೋ ನಗಲಿಲ್ಲ. ಇವತ್ತಲ್ಲದಿದ್ದರೆ ಇನ್ನು ಆಗಲ್ಲ ಅನ್ನೋದು ಅವನಿಗೆ ಗೊತ್ತಿತ್ತು. ಲೈಸೆನ್ಸ್ ರಿನ್ಯೂ ಮಾಡಿಸೋಕೆ ಸರ್ಟಿಫಿಕೇಟ್ ಕೊಡಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಈ ತಿಂಗಳು ಮುಗಿದರೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಈಗಲೂ ಬೆಳಕಿದ್ದಾಗ ಮಾತ್ರ. ಕತ್ತಲಲ್ಲಿ ಎದುರು ಗಾಡಿ ಲೈಟು ಬಿತ್ತು ಅಂದ್ರೆ ಅವನಿಗೆ ರಸ್ತೆನೇ ಕಾಣಲ್ಲ. ಬಸ್ಸಲ್ಲಿ ಹೋಗಬಹುದಿತ್ತಲ್ಲ ಅಂತೀರಾ? ಇನ್ನೊಬ್ಬ ಗೇರ್ ಹಾಕೋದನ್ನ ಹಿಂದೆ ಕೂತು ನೋಡೋ ಜಾತಿ ಅಲ್ಲ ಅದು.

ಅವನು ಹೊರಟಿದ್ದು ಕಮರಿಗೆ. ನಿಮಗೂ ಗೊತ್ತಿರುತ್ತೆ, ಕ್ಯಾಲೆಂಡರಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ ಎಲ್ಲಾ ಕಡೆ ಅದೇ ಫೋಟೋ. ನೆಲ ಬಾಯಿ ಬಿಟ್ಟ ಹಾಗೆ ಕೆಂಪು ಬಂಡೆ, ತಳದಲ್ಲಿ ದಾರದ ಎಳೆ ಥರ ನದಿ. ಸರ್ವೀಸ್ ಪೂರ್ತಿ ರೇಡಿಯೋ ಜನಾನ ತುಂಬಿಕೊಂಡು ಹೋಗಿದ್ದು ಅಲ್ಲಿಗೇ. ಆದರೆ ಅದನ್ನ ನೋಡಿಲ್ಲ. ಒಂದ್ಸಲಾನೂ ನೋಡಿಲ್ಲ.

ತಮಾಷೆ ಅಲ್ಲ, ಬಸ್ಸಿನವರನ್ನ ಕೇಳಿ ನೋಡಿ. ಬಸ್ ನಿಲ್ಲಿಸೋ ಮೈದಾನದಿಂದ ಕಮರಿ ಅಂಚಿಗೆ ನಡೆದೇ ಹೋಗಬೇಕು, ಪಾದ ಮುಳುಗೋವಷ್ಟು ಕೆಂಪು ಧೂಳಿನ ಕಾಲುದಾರಿ. ಜನ ಹೋಗಿ ಬರೋ ಅಷ್ಟು ಹೊತ್ತೇ ಡ್ರೈವರಿಗೆ ನಿದ್ದೆ. ವಾಪಸ್ ಬರೋ ದಾರೀಲಿ ತೂಕಡಿಸಿದರೆ ಗತಿ ಏನು? ಮಾಲೀಕರು ಕೆಲಸಕ್ಕೆ ಸೇರಿಸಿಕೊಂಡಾಗಲೇ ಹೇಳಿದ್ದರು, ಅಲ್ಲಿ ಹೋಗಿ ಕೈಬ್ರೇಕ್ ಎಳಿ, ಮಲಗು, ನಿನ್ನ ನಿದ್ದೆಗೂ ಸೇರಿಸೇ ಸಂಬಳ ಕೊಡ್ತಿರೋದು ಅಂತ. ಇವನು ಹಾಗೇ ಮಾಡ್ತಾ ಬಂದ. ಕೊನೆಕೊನೆಗೆ ಕರ್ ಅಂತ ಕೈಬ್ರೇಕ್ ಎಳೆದ ಸದ್ದಿಗೇ ರೆಪ್ಪೆ ಮುಚ್ಚಿಕೊಳ್ಳೋದು. ಎಚ್ಚರ ಆಗ್ತಿದ್ದಿದ್ದು ಮೊದಲನೇ ಪ್ಯಾಸೆಂಜರು ಬಂದು ಬಸ್ಸಿನ ತಗಡು ಬಡಿದಾಗ. ಎದ್ದವನೇ ಬಾಗಿಲಲ್ಲಿ ನಿಂತು, ಕಾಲು ಕೊಡವದೆ ಒಬ್ಬರನ್ನೂ ಹತ್ತಿಸ್ತಿರಲಿಲ್ಲ. ಆ ಧೂಳು ಸೀಟಿಗೆ ಹತ್ತಿದರೆ ಹೋಗಲ್ಲ ಅಂತ ಮನೇಲೂ ಗೊಣಗೋನು.

ಅವನ ತಲೆಗೆ ಹತ್ತಿದ ಹುಳ ಬೇರೆ. ಹೋಗುವಾಗ ಸಂತೆ ಥರ ಗಲಾಟೆ ಮಾಡಿಕೊಂಡು ಹೋದ ಜನ ಬರುವಾಗ ಮಾತಾಡ್ತಿರಲಿಲ್ಲ. ಒಂದು ಟ್ರಿಪ್ಪಲ್ಲಿ ಕಿಟಕಿ ಸೀಟಿಗೆ ಅಂತ ಇಡೀ ದಾರಿ ಜಗಳ ಕಾದ ಹೆಂಗಸು, ವಾಪಸ್ ಬರುವಾಗ ಸೀಟನ್ನ ತಾನಾಗೇ ಬಿಟ್ಟುಕೊಟ್ಟು ಹಿಂದೆ ಹೋಗಿ ಕೂತಳು. ಹಸಿವಿರಬೇಕು ಅಂದುಕೊಂಡು ಊಟಕ್ಕೆ ನಿಲ್ಲಿಸಿ ನೋಡಿದ. ಸುಸ್ತಿರಬೇಕು ಅಂತ ಹಾಡು ಹಾಕಿ ನೋಡಿದ. ಹೇಗಿತ್ತು ಅಂತ ಕೇಳಿದರೆ ಚೆನ್ನಾಗಿತ್ತು ಅನ್ನೋರು, ಅಷ್ಟೇ. ಅಷ್ಟು ಚೆನ್ನಾಗಿದ್ದರೆ ಬಾಯಿಗೇನಾಗಿದೆ ಇವರಿಗೆ?

ಹಾಗಂತ ಊರಲ್ಲಿ ಅವನು ಸುಮ್ಮನಿದ್ದನಾ? ಅವರಿವರು ಅಂದ ಚೂರುಪಾರು ಸೇರಿಸಿ ಒಂದು ಕಮರಿನ ತಾನೇ ಕಟ್ಟಿದ್ದ. ಮದುವೆ ಮನೆ ಇರಲಿ, ಕಟಿಂಗ್ ಶಾಪ್ ಇರಲಿ, ಎರಡೂ ಕೈ ಅಗಲಿಸಿ ಆಳ ತೋರಿಸೋನು. ಅದರಲ್ಲೂ ನೀರಿನ ಸದ್ದು! ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳಲ್ಲ ಅನ್ನೋನು. ಹೆಂಡತಿ ಇದನ್ನ ಎಷ್ಟು ಸಲ ಕೇಳಿದ್ದಳೋ, ಯಾವತ್ತೂ ನಡುವೆ ಬಾಯಿ ಹಾಕಿದವಳಲ್ಲ.

ಹೋದ ತಿಂಗಳು ಮಗಳು ಅಳಿಯ ಹೋಗಿ ಬಂದರು. ಊಟಕ್ಕೆ ಕೂತಾಗ ಮಾವ ಎಂದಿನ ಹಾಗೆ ಶುರು ಮಾಡಿದ. ಅಳಿಯ ಒಳ್ಳೆ ಹುಡುಗ, ಎದುರು ಮಾತಾಡೋನಲ್ಲ. ತಟ್ಟೆ ನೋಡಿಕೊಂಡೇ ಅಂದ, "ಸದ್ದೇ ಇಲ್ಲ ಮಾವ ಅಲ್ಲಿ. ನದಿ ಅಷ್ಟು ಕೆಳಗಿದೆಯಲ್ಲ."

ಈ ಕಾಲದವರಿಗೆ ಕಿವಿ ಮಂದ ಅಂತ ಏನೋ ಹೇಳಿ ತೇಲಿಸಿದ. ಮಾತು ಮಾತ್ರ ಒಳಗೇ ಉಳಿದುಬಿಡ್ತು. ಸದ್ದಿಲ್ವಂತೆ. ಮತ್ತೆ ಏನಿದೆ ಅಲ್ಲಿ?

ಕೊನೆಗೂ ಕಾರು ಸ್ಟಾರ್ಟಾಯ್ತು. ಇನ್ನೊಂದ್ಸಲ ನೋಡಿಕೊಂಡು ಬಂದುಬಿಡ್ತೀನಿ ಅಂದ ಹೆಂಡತಿಗೆ. ಇನ್ನೊಂದ್ಸಲ ಅನ್ನೋದನ್ನ ಒತ್ತಿಯೇ ಹೇಳಿದ. ಬಾ ಅಂತಲೂ ಕರೆದ, ತನ್ನ ಮಂಡಿಗೆ ಆ ಚಳಿ ಆಗಿಬರಲ್ಲ ಅಂದಳು. ಗಾಜಿನ ಮೇಲಿದ್ದ ಇಬ್ಬನಿನ ಶಾಲಿನ ತುದಿಯಲ್ಲಿ ಒರೆಸಿ, ಕತ್ತಲಾಗೋದರೊಳಗೆ ಹೊರಟುಬಿಡಿ ಅಂದಳು.

ದಾರಿಯುದ್ದಕ್ಕೂ ಮಾತಾಡಿಕೊಂಡೇ ಹೋದ, ಕೇಳೋಕೆ ಯಾರೂ ಇಲ್ಲದಿದ್ದರೂ. ತಿರುವು ಬಂದಾಗ ಹಳೇ ಅಭ್ಯಾಸ, ಹಿಂದೆ ತಿರುಗದೇ ಎಲ್ಲರೂ ಹಿಡ್ಕೊಳ್ಳಿ ಅಂದ. ಮಂಜು ಕರಗಿ ಹೊಲದ ಬೇಲಿ ಕಂಡಿತು, ಆಮೇಲೆ ಬೇಲಿನೂ ಮುಗೀತು, ಬರೀ ಕುರುಚಲು ಗಿಡ, ಕೆಂಪು ನೆಲ. ಮೈದಾನಕ್ಕೆ ಬಂದಾಗ ಬಿಸಿಲು ನೆತ್ತಿ ಮೇಲೆ ಬಂದಿತ್ತು. ಸೀದಾ ಹೋಗಿ ತನ್ನ ಹಳೇ ಜಾಗದಲ್ಲಿ, ಮೂಲೆ ಮರದ ಕೆಳಗೆ ನಿಲ್ಲಿಸಿದ. ಇಳಿದು ಟೈರುಗಳನ್ನ ಒಂದೊಂದಾಗಿ ಒದ್ದು ನೋಡಿದ. ಮತ್ತೆ ಒಳಗೆ ಕೂತು ಬುತ್ತಿ ಮುಗಿಸಿದ, ಟೀ ಕುಡಿದ. ಗಾಡಿ ಸ್ವಲ್ಪ ಹಿಂದಕ್ಕೆ ಜಾರಿದ ಹಾಗನ್ನಿಸ್ತು. ಕೈಬ್ರೇಕ್ ಎಳೆಯೋದೇ ಮರೆತಿದ್ದ. ಎಳೆದ.

ಯಾರೋ ತಗಡು ಬಡೀತಿದ್ದರು.

ಕಣ್ಣುಬಿಟ್ಟರೆ ಬಿಸಿಲು ಮರದ ಬುಡಕ್ಕೆ ಇಳಿದಿತ್ತು. ಕಿಟಕಿ ಹೊರಗೆ ಒಬ್ಬ ದಪ್ಪ ಆಸಾಮಿ, ಕುತ್ತಿಗೆಗೆ ಮಫ್ಲರು, ಬಾಯಲ್ಲಿ ಹಲ್ಲುಕಡ್ಡಿ. ಪಕ್ಕದಲ್ಲೇ ನಿಂತಿದ್ದ ಬಸ್ಸಿನ ಡ್ರೈವರು. ನನ್ನ ಜಾಗದಲ್ಲಿ ಈ ಡಬ್ಬಿ ಕಾರು ನಿಲ್ಲಿಸಿಕೊಂಡು ಗೊರಕೆ ಹೊಡೀತಿದ್ದೀರಿ, ಈಗ ಬಸ್ ತಿರುಗಿಸಿ ಹೊರಡಬೇಕು, ತೆಗೀರಿ ಅಂದ. ರೇಡಿಯೋಗೆ ಬಾಯಿ ಒಣಗಿತ್ತು. ಕಾರು ಪಕ್ಕಕ್ಕೆ ಹಾಕಿ ಇಳಿದು ಬಂದು, ನೀನು ಕಮರಿ ನೋಡಿದ್ದೀಯೇನಪ್ಪ ಅಂತ ಕೇಳಿದ.

"ನಾನಾ?" ಆಸಾಮಿ ಹಲ್ಲುಕಡ್ಡಿ ತೆಗೆದ. "ನಾನು ನೋಡೋಕೆ ಹೋದರೆ ನಿದ್ದೆ ನಿಮ್ಮಪ್ಪ ಮಾಡ್ತಾನಾ?"

ಅಷ್ಟರಲ್ಲಿ ಕಾಲುದಾರಿ ಕಡೆಯಿಂದ ಅವನ ಜನ ಬಂದರು. ಮಂಡಿವರೆಗೂ ಕೆಂಪು. ಅದೇ ಸಾಲು, ಅದೇ ಬಾಯಿ ಕಟ್ಟಿದ ಮುಖ. ಸುಮ್ಮನೆ ಕಾಲು ಕೊಡವಿ ಒಬ್ಬೊಬ್ಬರಾಗಿ ಹತ್ತಿದರು. ಬಸ್ ತಿರುಗಿಸಿಕೊಂಡು ಹೋಯ್ತು.

ರೇಡಿಯೋ ಸೂರ್ಯನ್ನ ನೋಡಿದ, ಕಾರು ನೋಡಿದ. ಈ ಕ್ಷಣ ಹೊರಟರೆ ಬೆಳಕು ಪೂರ್ತಿ ಹೋಗೋದರೊಳಗೆ ಹೇಗೋ ಮನೆ. ಅಂಚಿಗೆ ಹೋದರೆ ಇವತ್ತು ವಾಪಸ್ ಡ್ರೈವ್ ಮಾಡೋ ಮಾತೇ ಇಲ್ಲ, ಕಾಲುದಾರಿ ಗೇಟಿನ ಹತ್ತಿರದ ಲಾಡ್ಜೇ ಗತಿ. ಹೆಂಡತಿಗೆ ಏನು ಹೇಳೋದು? ನೋಡಿರೋದನ್ನೇ ನೋಡೋಕೆ ರಾತ್ರಿ ಉಳಿದೆ ಅಂತಲಾ? ಕೀನ ಕೈಯಲ್ಲಿ ತಿರುಗಿಸ್ತಾ ನಿಂತಿದ್ದ. ಆಮೇಲೆ ಜೇಬಿಗೆ ಹಾಕಿಕೊಂಡು ನಡೆದ.

ಗೇಟು ಕಾಯೋ ಹೆಂಗಸು, ಮುಚ್ಚೋ ಹೊತ್ತಾಯ್ತು ತಾತ, ನಾಳೆ ಬನ್ನಿ ಅಂದಳು. ಅವಳಿಗೆ ಏನೇನು ಹೇಳಿದನೋ, ಬಾಯಿ ಆಡಿಸೋದರಲ್ಲಿ ಅವನನ್ನ ಮೀರಿಸೋರಿಲ್ಲ, ಅವಳೇ ಸಾಕಾಗಿ ಹೋಗಿ ಬೇಗ ಬನ್ನಿ ಅಂತ ಬಿಟ್ಟಳು. ಧೂಳು ಮೆತ್ತಗಿತ್ತು, ಹಿಟ್ಟಿನ ಮೇಲೆ ನಡೆದ ಹಾಗೆ. ದಾರಿ ಏರ್ತಾ ಹೋಯ್ತು. ಏದುಸಿರು ಬಿಡ್ತಾ, ಚಳಿನ ಬೈತಾ, ಅಳಿಯನ್ನ ಬೈತಾ ಹತ್ತಿದ. ಕೊನೆಗೆ ಕಬ್ಬಿಣದ ಕಂಬಿ ಕೈಗೆ ತಗುಲ್ತು.

ಮೊದಲು ಆಕಾಶ ಜಾಸ್ತಿ ಇದೆ ಅನ್ನಿಸ್ತು. ಆಮೇಲೆ ನೋಡಿದರೆ ಕಾಲ ಕೆಳಗೂ ಖಾಲಿ. ಒಂದು ಹದ್ದು ಹಾರ್ತಾ ಇತ್ತು, ಅದರ ಬೆನ್ನು ಕಾಣ್ತಿತ್ತು. ಹದ್ದಿನ ಬೆನ್ನನ್ನ ಅವನು ಯಾವತ್ತೂ ನೋಡಿರಲಿಲ್ಲ. ಅದಕ್ಕಿಂತ ಎಷ್ಟೋ ಕೆಳಗೆ ನದಿ, ಅಲುಗಾಡ್ತಾನೇ ಇಲ್ಲ. ಎದುರು ಗೋಡೆ ಮೇಲೆ ನೆರಳು ಹತ್ತುತ್ತಾ ಇತ್ತು. ಇಂಜಿನ್ನಿನ ಸದ್ದು ಕೇಳೋ ಹಾಗೆ ಕಿವಿಗೆ ಕೈ ಕೊಟ್ಟು ಬಗ್ಗಿ ಕೇಳಿದ. ತನ್ನ ಉಸಿರು ಕೇಳ್ತು. ಉಸಿರು ಹಿಡಿದು ನೋಡಿದ, ಅದೂ ಇಲ್ಲ.

ಜೇಬಲ್ಲಿ ಫೋನ್ ಬಡ್ಕೊಂಡಿತು, ಮನೆಯಿಂದ. ಅವಳೇ.

"ಎಲ್ಲಿದ್ದೀರಿ? ಹೊರಟ್ರಾ?"

"ಇಲ್ಲ. ಇಲ್ಲೇ ಇದ್ದೀನಿ. ಅಂಚಲ್ಲಿ."

"ಹೇಗಿದೆ?"

ರೇಡಿಯೋ ಬಾಯಿ ತೆರೆದ. ಚಳಿಗೆ ಬರೀ ಉಸಿರಿನ ಹೊಗೆ ಬಂತು. ಮತ್ತೆ ತೆರೆದ, ಮತ್ತೆ ಹೊಗೆ.  ಆ ಕಡೆ ಅವಳು ಅಡುಗೆಮನೆಯ ನಲ್ಲಿ ನೀರು ನಿಲ್ಲಿಸಿದ್ದು ಕೇಳಿಸ್ತು. ಅವಳು ಬೈಲಿಲ್ಲ, ಲೈನ್ ಹೋಯ್ತಾ ಅಂತಲೂ ಕೇಳಲಿಲ್ಲ.

"ಇವತ್ತು ಅಲ್ಲೇ ಇದ್ದು ನಾಳೆ ಬೆಳಕಾದ ಮೇಲೆ ಬನ್ನಿ," ಅಂದಳು ಆಮೇಲೆ. "ಪ್ಯಾಂಟು ಹಾಗೇ ತನ್ನಿ, ಅಲ್ಲಿ ನೀರಲ್ಲಿ ಉಜ್ಜೋಕೆ ಹೋಗಬೇಡಿ. ಆ ಕೆಂಪು ಧೂಳು ಯಾವ ಸೋಪಿಗೆ ಹೋಗುತ್ತೋ ಏನೋ. ನಿಮ್ಮ ಬಟ್ಟೇಲಿ ನಾನು ಒಂದು ದಿನಾನೂ ಅದನ್ನ ಒಗೆದಿಲ್ಲ ನೋಡಿ."

ಫೋನ್ ಕಿವಿಗೇ ಹಿಡಿದು ರೇಡಿಯೋ ಕೆಳಗೆ ನೋಡಿದ. ಮಂಡಿವರೆಗೂ ಕೆಂಪಾಗಿತ್ತು. ಕೊಡವೋಕೆ ಅಂತ ಒಂದು ಕಾಲು ಎತ್ತಿದವನು, ಮೆಲ್ಲಗೆ ಹಾಗೇ ಕೆಳಗಿಟ್ಟ.