ಚೆನ್ನಾಜಮ್ಮನ ಚೀಲದ ಮರದ ಮೇಷ್ಟ್ರು

ನಾನು ಚನ್ನಪಟ್ಟಣದಲ್ಲಿ ಹುಟ್ಟಿದ ಹಾಲೆ ಮರದ ತುಂಡು. ನಾನಿದ್ದ ಕೊಂಬೆಯಲ್ಲೇ ಇದ್ದವರಲ್ಲಿ ಒಬ್ಬ ಗಿಲಕಿಯಾದ, ಇಬ್ಬರು ಬುಗುರಿಗಳಾದರು, ಒಬ್ಬಳು ಕೆಂಪು ಸೀರೆಯ ಮದುಮಗಳ ಗೊಂಬೆಯಾದಳು. ನನ್ನ ಹಣೆಬರಹ ಬೇರೆ ಇತ್ತು. ಏನಾದೆ ಅಂತ ನೆಟ್ಟಗೆ ಹೇಳಿಬಿಡುತ್ತೇನೆ, ಸುತ್ತಿ ಬಳಸಿದರೆ ನಿಮಗೇ ಮುಜುಗರ. ಕಾಂಡೋಮ್ ಹಾಕುವುದು ಹೇಗೆಂದು ಹೆಂಗಸರಿಗೆ ತೋರಿಸಿಕೊಡಲು ಗಂಡಸಿನ ಅಂಗದ ಆಕಾರದಲ್ಲಿ ಕಡೆದ ಮಾದರಿ ನಾನು. ನಗಬೇಕೆನಿಸಿದರೆ ನಕ್ಕುಬಿಡಿ. ಮೊದಲ ಸಲ ನನ್ನನ್ನು ಕಂಡು ನಗದೆ ಇದ್ದವರನ್ನು ನಾನಿನ್ನೂ ನೋಡಿಲ್ಲ.

ನನ್ನನ್ನು ಕಡೆದ ಫಯಾಜ್ ಸಾಬರು ಮಾತ್ರ ನಗಲಿಲ್ಲ, ನಾಚಿದರು. ಮಂಡ್ಯದ ಒಂದು ಸಂಸ್ಥೆಯವರು ಬಂದು ಇಂಥವು ಇಪ್ಪತ್ತು ಬೇಕು ಅಂದಾಗ ಅವರ ಮುಖ ಅರಗಿನ ಬಣ್ಣಕ್ಕಿಂತ ಕೆಂಪಾಯಿತು. ಒಪ್ಪಿಕೊಂಡರು, ಆದರೆ ಬೀದಿ ಕಡೆಯ ಕದ ಹಾಕಿಕೊಂಡೇ ಲೇತ್ ತಿರುಗಿಸಿದರು. ಊಟಕ್ಕೆ ಕರೆಯಲು ಬಂದ ಹೆಂಡತಿ "ಇದೇನ್ರೀ ಇದು?" ಅಂದರೆ "ಮಂಚದ ಕಾಲು" ಅಂದರು. "ಇಷ್ಟೇ ಎತ್ತರದ ಮಂಚದಲ್ಲಿ ಮಲಗೋರ್ಯಾರು, ಇಲೀನಾ?" ಅಂತ ಆಕೆ ಕೇಳಿ ಒಳಗೆ ಹೋದರು. ಏನೇ ಆಗಲಿ, ಸಾಬರು ಕೆಲಸದಲ್ಲಿ ಮೋಸ ಮಾಡಲಿಲ್ಲ. ಒಂದು ಸಿಬರು ಉಳಿದರೂ ರಬ್ಬರು ಹರಿಯುತ್ತದೆ ಅಂತ ಯಾರೋ ಹೇಳಿದ್ದರಂತೆ. ತಾಳೆಗರಿ ಹಿಡಿದು ತಿಕ್ಕಿ ತಿಕ್ಕಿ, ಮಗುವಿನ ಗಿಲಕಿಗಿಂತ ನನ್ನನ್ನೇ ಹೆಚ್ಚು ನುಣುಪು ಮಾಡಿದರು.

ಸಂಸ್ಥೆಯವರು ನನ್ನನ್ನು ಚೆನ್ನಾಜಮ್ಮನ ಕೈಗೆ ಕೊಟ್ಟರು. ಅವಳಿಗೆ ಆಗ ನಲವತ್ತೈದು. ಹಿಂದೆ ಆರ್ಕೆಸ್ಟ್ರಾಗಳಲ್ಲಿ ಕುಣಿಯುತ್ತಿದ್ದವಳು, ಮಂಡಿ ಕೈಕೊಟ್ಟ ಮೇಲೆ ಆರೋಗ್ಯ ಕಾರ್ಯಕರ್ತೆಯಾದವಳು. ಅವಳ ಖಾಕಿ ಚೀಲದಲ್ಲಿ ಕಾಂಡೋಮ್ ಪಾಕೀಟುಗಳು, ಒಂದು ರಿಜಿಸ್ಟರು, ಎಲೆ ಅಡಿಕೆ ಸಂಚಿ, ಅವುಗಳ ನಡುವೆ ನಾನು. ಮೊದಲ ದಿನವೇ ನನಗೆ ಹೆಸರಿಟ್ಟಳು. "ಎದ್ದೇಳ್ರವ್ವ, ಮೇಷ್ಟ್ರು ಬಂದವ್ರೆ" ಅಂದಳು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನಾನು ಮೇಷ್ಟ್ರು.

ನನ್ನ ಶಾಲೆ ಒಂದು ಸೈಕಲ್ ಅಂಗಡಿಯ ಮಹಡಿ. ಅಲ್ಲಿ ಒಂದು ಆರ್ಕೆಸ್ಟ್ರಾ ತಂಡ ಮಧ್ಯಾಹ್ನ ತಾಲೀಮು ಮಾಡುತ್ತಿತ್ತು. ಗಣೇಶನ ಪೆಂಡಾಲು, ಮದುವೆ, ರಾಜ್ಯೋತ್ಸವ ಎಲ್ಲದಕ್ಕೂ ಹೋಗಿ ಸಿನಿಮಾ ಹಾಡಿಗೆ ಕುಣಿಯುವ ಏಳು ಜನ ಹೆಂಗಸರು. ಕಾರ್ಯಕ್ರಮ ಮುಗಿದ ಮೇಲೆ ಲಾಡ್ಜಿಗೆ ಕರೆಯುವ ಗಂಡಸರು ಇರುತ್ತಿದ್ದರು. ಅವರಿಗೆ ಇವರ ಮಾತಿನಲ್ಲಿ 'ಪಾರ್ಟಿ' ಅಂತ ಹೆಸರು. ಕೆಲವರು ಹೋಗುತ್ತಿದ್ದರು, ಯಾಕೆ ಹೋದೆ ಅಂತ ಕೇಳುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಹೋಗುವವರ ಪರ್ಸಿನಲ್ಲಿ ಪಾಕೀಟು ಇರಬೇಕು, ಇದಿಷ್ಟೇ ಚೆನ್ನಾಜಮ್ಮನ ಹಟ.

ಅವರಲ್ಲಿ ಬಲು ಚುರುಕಿನವಳು ದೇವೀರಿ. ವೇದಿಕೆಯ ಮೇಲೆ ಸ್ವಪ್ನಾ, ಹಾಜರಿಯಲ್ಲಿ ದೇವೀರಮ್ಮ, ಇಪ್ಪತ್ತಾರು ವರ್ಷ. ಕಣ್ಣು ಮುಚ್ಚಿಕೊಂಡು ಪಾಕೀಟು ಹರಿದು, ತುದಿ ಹಿಸುಕಿ, ಆರು ಎಣಿಸುವಷ್ಟರಲ್ಲಿ ನನಗೆ ತೊಡಿಸಿಬಿಡುತ್ತಿದ್ದಳು. ಕುಡಿದ ಪಾರ್ಟಿಗೆ ಹೇಗೆ ಬೈಯಬೇಕು, ಬೇಡ ಅಂದವನನ್ನು ಹೇಗೆ ದಬ್ಬಬೇಕು, ಎಲ್ಲ ಅವಳೇ ಉಳಿದವರಿಗೆ ನಟಿಸಿ ತೋರಿಸುತ್ತಿದ್ದಳು. ನನ್ನ ಅತಿ ಬುದ್ಧಿವಂತ ಶಿಷ್ಯೆ ಅಂದರೆ ಅವಳೇ. ನನಗೆ ಜಂಬವೂ ಇತ್ತು.

ಪ್ರತಿ ತಿಂಗಳು ಚೆನ್ನಾಜಮ್ಮ ರಿಜಿಸ್ಟರು ಬಿಚ್ಚಿ ಅದರಲ್ಲಿದ್ದ ಪ್ರಶ್ನೆ ಓದುತ್ತಿದ್ದಳು: "ಎಲ್ಲರ ಜೊತೆಗೂ ಬಳಸ್ತೀರಾ?" ದೇವೀರಿ "ಊಂ ಕಣಕ್ಕ, ಎಲ್ಲರ ಜೊತೆಗೂ" ಅನ್ನುತ್ತಿದ್ದಳು. ಚೆನ್ನಾಜಮ್ಮ ಗುರುತು ಹಾಕುತ್ತಿದ್ದಳು. ಹೀಗೆ ಒಂದು ವರ್ಷ ನಡೆಯಿತು.

ಮುಂದಿನ ಜ್ಯೇಷ್ಠದಲ್ಲಿ ದೇವೀರಿಯ ಕೊರಳಿಗೆ ಅರಿಶಿನ ಕೊಂಬು ಕಟ್ಟಿದ ದಾರ ಬಂತು. ಕಟ್ಟಿದವನು ಅದೇ ತಂಡದಲ್ಲಿ ರಿದಂ ಪ್ಯಾಡ್ ನುಡಿಸುವ ಕಾಂತರಾಜು. ಎರಡು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು, ಈಗ ದಾರವೂ ಆಯಿತು. ಹೆಂಗಸರು ರೇಗಿಸಿದ್ದೇ ರೇಗಿಸಿದ್ದು. ಚೆನ್ನಾಜಮ್ಮನೂ ನಕ್ಕು, "ತಗೋ, ಇನ್ನೊಂದು ಹತ್ತು ಪಾಕೀಟು ಹೆಚ್ಚಿಗೆ. ನಿಮ್ಮ ಕಾಂತರಾಜುಗೆ" ಅಂದಳು.

"ಅವ್ರಿಗ್ಯಾಕಕ್ಕ? ಅವ್ರೇನು ಪಾರ್ಟಿನಾ? ನಮ್ಮನೆಯವ್ರು."

"ಮತ್ತೆ ಎಲ್ಲರ ಜೊತೆಗೂ ಅಂತ ವರ್ಷದಿಂದ ಹೇಳ್ತಿದ್ಯಲ್ಲೇ?"

"ಎಲ್ಲರು ಅಂದ್ರೆ ಎಲ್ಲರೇ ಕಣಕ್ಕ. ಮನೆಯವ್ರು ಎಲ್ಲರೊಳಗೆ ಬತ್ತಾರಾ?"

ಉಳಿದ ಆರು ಜನವೂ ಹೌದಲ್ಲವೇ ಅಂತ ತಲೆ ಆಡಿಸಿದರು. ಚೆನ್ನಾಜಮ್ಮ ರಿಜಿಸ್ಟರಿನ ಹಿಂದಿನ ಪುಟಗಳನ್ನು ಒಂದೊಂದೇ ತಿರುವಿದಳು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ಅಲ್ಲಿದ್ದದ್ದೆಲ್ಲ ಸುಳ್ಳಾಗಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅವಳೂ ಒಂದು ಕಾಲಕ್ಕೆ ಇವರಂತೆಯೇ ಎಲ್ಲರೊಳಗೆ ಮನೆಯವನನ್ನು ಸೇರಿಸದೆ ಬದುಕಿದವಳು, ಕೇಳಬೇಕಾದದ್ದು ಅವಳಿಗಾದರೂ ಹೊಳೆಯಬೇಕಿತ್ತು.

"ಅವನಿಗೂ ಹಾಕ್ಸು ಕಣೇ" ಅಂದಳು.

"ಬಿಡ್ತು ಅನ್ನಕ್ಕ. ಅದನ್ನ ಅವ್ರ ಎದುರಿಗಿಟ್ರೆ ಅವ್ರನ್ನೂ ಲಾಡ್ಜಿಗೆ ಕರ್ಕೊಂಡೋದಂಗೆ ಆಗ್ತದೆ" ಅಂದಳು ದೇವೀರಿ. ಹೆಚ್ಚಿಗೆ ಕೊಟ್ಟ ಹತ್ತನ್ನೂ ಎಣಿಸಿ ವಾಪಸು ಚೀಲಕ್ಕೆ ಹಾಕಿದಳು.

ಹದಿನೈದು ದಿನ ಕಳೆದಿರಬೇಕು. ಚೆನ್ನಾಜಮ್ಮ ಬೇರೊಬ್ಬಳನ್ನು ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ನಾನು ಚೀಲದಲ್ಲಿದ್ದೆ, ಚೀಲದ ಬಾಯಿ ತೆರೆದೇ ಇತ್ತು. ಎಚ್‌ಐವಿಗೆ ಮಾತ್ರೆ ಕೊಡುವ ಕಿಟಕಿಯ ಮುಂದಿನ ಸಾಲಿನಲ್ಲಿ ಕಾಂತರಾಜು ನಿಂತಿದ್ದ. ಕೈಯಲ್ಲಿ ಚೀಟಿ ಪುಸ್ತಕ. ಇವಳನ್ನು ನೋಡಿದ್ದೇ ಸಾಲು ಬಿಟ್ಟು ಓಡಿ ಬಂದ.

"ಅಕ್ಕ, ದೇವೀರಿಗೆ ಹೇಳ್ಬ್ಯಾಡಿ. ನಾನೇ ಹೇಳ್ತೀನಿ."

"ಎಷ್ಟು ದಿನ ಆಯ್ತು ಗೊತ್ತಾಗಿ?"

"ಮೂರು ವರ್ಷ."

"ಮಾತ್ರೆ ಸರಿಯಾಗಿ ನುಂಗ್ತಿದೀಯಾ?"

"ಪ್ರೋಗ್ರಾಮಿಗೆ ಹೋದಾಗ ಜೊತೇಲಿ ಜನ ಇರ್ತಾರಲ್ಲಕ್ಕ. ಬಿಟ್ಟೋಗ್ತದೆ."

ಮೂರು ವರ್ಷ! ಲೆಕ್ಕ ಹಾಕಲು ನನಗೂ ಬರುತ್ತದೆ. ಇವಳ ಜೊತೆ ಮನೆ ಮಾಡುವ ಮೊದಲೇ ಅವನಿಗೆ ಗೊತ್ತಿತ್ತು. ಚೆನ್ನಾಜಮ್ಮ ಅವನ ರಟ್ಟೆ ಹಿಡಿದು, "ಇವತ್ತೇ ಹೇಳೋ. ಹೇಳೋವರ್ಗೂ ಅವಳನ್ನ ಮುಟ್ಬೇಡ" ಅಂದಳು. "ಗಣೇಶನ ಸೀಸನ್ ಮುಗೀಲಿ ಅಕ್ಕ, ಆಣೆಗೂ ಹೇಳ್ತೀನಿ" ಅಂದ ಅವನು.

ಅವಳೇ ಹೋಗಿ ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ಹೇಳಕೂಡದು ಅನ್ನುವುದು ಅವಳ ಕೆಲಸದ ಮೊದಲ ನಿಯಮ, ಸಹಿ ಮಾಡಿ ಒಪ್ಪಿಕೊಂಡಿದ್ದಳು. ಸುಮ್ಮನೆ ಮಾಡಿದ ನಿಯಮವಲ್ಲ ಅದು. ಹಿಂದೆ ಯಾರೋ ಬಾಯಿ ಬಿಟ್ಟಿದ್ದಕ್ಕೆ ತಂಡದ ಒಬ್ಬಳ ಪಾತ್ರೆ ಪಡಗವನ್ನೆಲ್ಲ ಬೀದಿಗೆ ಎಸೆದು ಓಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸಂಸ್ಥೆಯ ಮೇಡಂ ಹತ್ತಿರ ಹೆಸರು ಹೇಳದೆ ಕೇಳಿದಳು. "ಅವನ ಮನವೊಲಿಸಿ, ಅವನ ಬಾಯಿಂದಲೇ ಹೇಳಿಸಿ" ಅಂದರು. ಹೇಳಿಸಲು ನಾಲ್ಕು ಸಲ ಹೋದಳು. ನಾಲ್ಕು ಸಲವೂ ಅವನು ತಲೆ ತಗ್ಗಿಸಿ ಹೂಂ ಅಂದ.

ಉಳಿದದ್ದು ದೇವೀರಿಯನ್ನು ಒಪ್ಪಿಸುವುದೊಂದೇ. ಒಂದು ಮಧ್ಯಾಹ್ನ ಚೆನ್ನಾಜಮ್ಮ ಅವಳೊಬ್ಬಳನ್ನೇ ಮಹಡಿಯಲ್ಲಿ ಕೂರಿಸಿಕೊಂಡು ನನ್ನನ್ನು ಕೈಯಲ್ಲಿ ಹಿಡಿದಳು. "ಈಗ ನಾನೇ ಕಾಂತರಾಜು. ಕೇಳು ನನ್ನ" ಅಂದಳು. ದೇವೀರಿ ಕಿಸಕ್ಕನೆ ನಕ್ಕು, ಸೆರಗು ಸರಿಮಾಡಿಕೊಂಡು, "ರೀ, ಇದನ್ನ ಹಾಕ್ಕೊಳ್ರಿ" ಅಂದಳು. ಚೆನ್ನಾಜಮ್ಮ ಗಂಡು ದನಿ ಮಾಡಿ, "ಯಾಕೆ, ನನ್ ಮೇಲೆ ಅನುಮಾನನಾ?" ಅಂದಳು.

ದೇವೀರಿಯ ನಗು ನಿಂತುಹೋಯಿತು. ಎಷ್ಟೋ ಕುಡುಕರನ್ನು ಬಾಯಿಯಲ್ಲೇ ಗದರಿಸಿ ಕೂರಿಸಿದ ಹೆಣ್ಣು, ಮರದ ತುಂಡಿನ ಮುಂದೆ ಪಾಕೀಟನ್ನು ಕೈಯಲ್ಲೇ ತಿರುವುತ್ತಾ ಕೂತಳು.

"ಪಾರ್ಟಿ ಆದ್ರೆ ಹೊಡೆದಾದ್ರೂ ಹಾಕಿಸ್ತೀನಿ ಕಣಕ್ಕ. ಇವ್ರು ಹಂಗಂದ್ರೆ ನಂಗೆ ಬಾಯೇ ಬರಾಕಿಲ್ಲ" ಅಂದಳು.

"ಅನುಮಾನದ ಮಾತೇ ಬೇಡ. ಮಗು ಈಗ್ಲೇ ಬೇಡ ಅನ್ನು. ನನ್ನಾಣೆ, ಇಷ್ಟು ಮಾಡು."

ಮಾಡಿದಳು, ಪಾಪ. ಮಾರನೆಯ ವಾರ ಬಂದಾಗ ಅವಳ ಕಣ್ಣು ತುಂಬಿತ್ತು, ಮುಖ ಅರಳಿತ್ತು. "ಹೇಳ್ದೆ ಅಕ್ಕ. ಅವ್ರು ಏನಂದ್ರು ಗೊತ್ತಾ? ಮಗು ಆದ್ರೆ ಆಗ್ಲಿ ಬಿಡು, ನಾನಿಲ್ವಾ ಅಂದ್ರು. ಯಾವ ಗಂಡ್ಸು ನಂಗೆ ಹಿಂಗಂದಿದ್ದ, ನೀನೇ ಹೇಳು?" ಚೆನ್ನಾಜಮ್ಮ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಎಲೆ ತೂತು ಬೀಳುವವರೆಗೂ ಹಚ್ಚಿದಳು.

ಗಣೇಶನ ಸೀಸನ್ ಮುಗಿಯಿತು. ದಸರಾ ಬಂತು, ಹೋಯಿತು. ಕಾಂತರಾಜು ಬಾಯಿ ಬಿಡಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಗಳ ನಡುವೆ ಆರು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆ ನಡೆಯಿತು. ಈ ಸಲ ದೇವೀರಿಗೆ ಇದೆ ಅಂತ ಬಂತು.

ಆಪ್ತಸಮಾಲೋಚಕಿಯ ಕೋಣೆಯಿಂದ ಅವಳು ನೇರ ಚೆನ್ನಾಜಮ್ಮನ ಹತ್ತಿರ ಬಂದು ನೆಲದ ಮೇಲೆ ಕೂತಳು. ಅಳಲಿಲ್ಲ. ಬೆರಳು ಮಡಿಚುತ್ತಾ ನೆನಪು ಮಾಡಿಕೊಂಡಳು. ಹಾಸನದಲ್ಲಿ ಒಂದು ಸಲ ರಬ್ಬರು ಹರಿದಿತ್ತಂತೆ. ಕೊಳ್ಳೇಗಾಲದವನೊಬ್ಬ ನಡುವೆ ತೆಗೆದಿದ್ದನೇನೋ ಅಂತ ಅನುಮಾನವಂತೆ. ಹಾಸನದ್ದೇ ಇರಬೇಕು ಅಂತ ಕೊನೆಗೆ ತಾನೇ ತೀರ್ಮಾನ ಮಾಡಿದಳು.

"ಕಾಂತರಾಜುನೂ ಪರೀಕ್ಷೆ ಮಾಡಿಸ್ಕೊಳ್ಳಲಿ" ಅಂದಳು ಚೆನ್ನಾಜಮ್ಮ.

"ಅಯ್ಯೋ, ಅವ್ರಿಗೂ ಬಂದಿದ್ರೆ ನನ್ನಿಂದ್ಲೇ ತಾನೆ? ಆ ಪಾಪ ಎಲ್ಲಿ ತೊಳೀಲಿ?" ಅಂದವಳೇ ಎದ್ದು, ಚೀಲಕ್ಕೆ ಕೈ ಹಾಕಿ, ನನ್ನನ್ನು ಪಕ್ಕಕ್ಕೆ ಸರಿಸಿ ಎರಡು ಮುಷ್ಟಿ ತುಂಬ ಪಾಕೀಟು ತೆಗೆದುಕೊಂಡಳು. "ಇನ್ಮೇಲೆ ಅವ್ರ ಜೊತೆ ಇದಿಲ್ದೆ ಇಲ್ಲ ಕಣಕ್ಕ. ನನ್ನ ಕಾಯಿಲೆ ಅವ್ರಿಗೆ ತಾಕ್ಬಾರ್ದು."

ಐದು ತಿಂಗಳಿಂದ ನಾವಿಬ್ಬರೂ ಏನು ಹೇಳಿಕೊಟ್ಟೆವೋ ಅದನ್ನು ಅವಳು ಕಲಿತಳು, ನೋಡಿ. ಚೆನ್ನಾಜಮ್ಮ ಬಾಯಿ ತೆರೆದಳು, ಮುಚ್ಚಿದಳು. ನಾನು ಮರ, ನನಗೆ ಬಾಯಿಲ್ಲ, ಸರಿ. ಬಾಯಿ ಇದ್ದವಳ ಅವಸ್ಥೆ ನನ್ನದಕ್ಕಿಂತ ಕಡೆಯಾಗಿತ್ತು. ಅವಳ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

ಈಗ ನನಗೆ ವಯಸ್ಸಾಗಿದೆ. ಅರಗು ಉದುರಿ ಬುಡದಲ್ಲಿ ಬಿರುಕು ಬಿಟ್ಟಿದೆ. ಸಂಸ್ಥೆಯ ಬೀರುವಿನ ಕೆಳಖಾನೆಯಲ್ಲಿ ಹಳೆಯ ರಿಜಿಸ್ಟರುಗಳ ಮೇಲೆ ಮಲಗಿದ್ದೇನೆ. ದೇವೀರಿ ಬದುಕಿದ್ದಾಳೆ, ಮಾತ್ರೆ ತಪ್ಪಿಸುವುದಿಲ್ಲವಂತೆ, ಕಾಂತರಾಜುವಿನ ಜೊತೆಯಲ್ಲೇ ಇದ್ದಾಳಂತೆ. ಚೆನ್ನಾಜಮ್ಮ ಕೆಲಸ ಬಿಟ್ಟಳು. ಹಾಕುವುದು ಹೇಗೆಂದು ನಾನು ಸಾವಿರ ಜನಕ್ಕೆ ಕಲಿಸಿರಬಹುದು, ಮನೆಯವನ ಹತ್ತಿರ ಕೇಳುವುದು ಹೇಗೆಂದು ಒಬ್ಬಳಿಗೂ ಕಲಿಸಲಾಗಲಿಲ್ಲ. ಮೇಷ್ಟ್ರು ಅನ್ನಿಸಿಕೊಂಡಿದ್ದಕ್ಕೆ ನಾಚಿಕೆಯಾಗುತ್ತದೆ.

ಚೆನ್ನಾಜಮ್ಮ ನನ್ನನ್ನು ಇಲ್ಲಿ ತಂದಿಟ್ಟು ಚೀಲ ಒಪ್ಪಿಸಿ ಹೋದದ್ದು ದೇವೀರಿ ಕೊನೆಯ ಸಲ ಬಂದುಹೋದ ದಿನವೇ. ಆ ದಿನ ದೇವೀರಿ ತಲೆಗೆ ಮಲ್ಲಿಗೆ ಮುಡಿದಿದ್ದಳು. ಮೆಟ್ಟಿಲು ಹತ್ತುವಾಗಲೇ ಕೂಗಿಕೊಂಡು ಬಂದಳು.

"ಅಕ್ಕ, ಎಲ್ಲ ಹೇಳ್ಬಿಟ್ಟೆ ಅವ್ರಿಗೆ. ಹಾಸನದ್ದೂ ಹೇಳ್ದೆ. ಕಾಲು ಹಿಡ್ಕೊಂಡು ಅತ್ತೆ. ಗೋಡೆ ಕಡೆ ಮುಖ ತಿರುಗಿಸ್ಕೊಂಡ್ರು. ಆಮ್ಯಾಕೆ ನನ್ ತಲೆ ಮೇಲೆ ಕೈ ಇಟ್ಟು, ಹೋಗ್ಲಿ ಬಿಡು, ಕ್ಷಮಿಸಿದೀನಿ ಅಂದ್ರು. ದೇವ್ರಂಥೋರು ಕಣಕ್ಕ."