ಕಿಸೆಗೆ ಓದಿದ ಕಥೆ

ನಾನು ಒಂದು ಕಿವಿಯಂತ್ರ. ಈಗಿನವುಗಳಂತೆ ಕಿವಿಯ ಹಿಂದೆ ಅಡಗಿ ಕೂರುವ ಜಾತಿಯಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆ, ಅದರಿಂದ ಹೊರಟ ಒಂದು ವೈರು, ವೈರಿನ ತುದಿಯಲ್ಲಿ ಕಿವಿಗೆ ಸಿಕ್ಕಿಸುವ ಗುಂಡಿ. ಪೆಟ್ಟಿಗೆ ಇರಬೇಕಾದದ್ದು ಅಂಗಿಯ ಕಿಸೆಯಲ್ಲಿ. ಹಾಗಾಗಿ ಮನುಷ್ಯರನ್ನು ನಾನು ಅವರ ಗದ್ದದ ಕೆಳಗಿನಿಂದಲೇ ನೋಡಿದವನು.

ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಅಲ್ಲಿದ್ದ ಹೆಂಗಸು ಸದ್ದು ಏರಿಳಿಸುವ ನನ್ನ ಪುಟ್ಟ ಗಾಲಿ ತಿರುಗಿಸಿ, ಗುಂಡಿಯನ್ನು ತನ್ನ ಕಿವಿಗಿಟ್ಟು, ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ನನ್ನನ್ನು ಡಬ್ಬಿಗೆ ಹಾಕಿದಳು. ಅವಳಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಕೇಳಿಸುವುದು ನನ್ನ ಕೆಲಸ. ಕೇಳಿದ್ದು ಏನಾಯಿತು ಎಂಬುದು ಯಾವಾಗಲೂ ಇನ್ನೊಬ್ಬರೊಳಗೇ ಉಳಿಯುತ್ತದೆ.

ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರಿನಲ್ಲಿ ಉಚಿತ ಶಿಬಿರ ನಡೆದಾಗ ನಾನು ಗೌರವ್ವ ಎಂಬ ಮುದುಕಿಯ ಪಾಲಾದೆ. ಅವಳಿಗೆ ಕಿಸೆ ಇರಲಿಲ್ಲ. ಸೊಂಟದ ಎಲೆಯಡಿಕೆ ಸಂಚಿಯಲ್ಲಿ ನನ್ನನ್ನು ಇಟ್ಟುಕೊಂಡಳು. ಅವಳ ಕಿವಿಗೆ ನಾನು ಮುಟ್ಟಿಸಿದ್ದು ಹೆಚ್ಚಾಗಿ ಅಡಿಕೆ ಹೋಳುಗಳ ಗಲಗಲ. ಆದರೂ ಅವಳು ಕಂಡವರಿಗೆಲ್ಲ, "ನನ್ನ ಮಿಶನ್ನಿಗಿ ಬಾಳ ಕೇಳಸತೈತಿ, ಸಣ್ಣಾಗಿ ಮಾತಾಡ್ರಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಸಂಚಿ ಗೂಟಕ್ಕೆ ಹೋಯಿತು. ಅದರೊಳಗೆ ನಾನೂ, ಸೆಲ್ಲಿನಲ್ಲಿ ಉಳಿದ ತುಸು ಜೀವದೊಡನೆ.

ಸಂಚಿಯ ಬಾಯಿ ಅರ್ಧ ತೆರೆದಿತ್ತು. ಅಲ್ಲಿಂದ ನಾನು ಅವಳ ಮಗ ಮುರಿಗೆಪ್ಪನ ಸಂಸಾರ ನೋಡಿದೆ. ಮುರಿಗೆಪ್ಪ ಹುಡುಗನಾಗಿದ್ದಾಗಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವನು. ಆ ಶೆಡ್ಡಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ನೂಲು ಹರಿದರೆ ಒಂದು ಕೈಸನ್ನೆ, ಚಹಾಕ್ಕೆ ಒಂದು, ಮಾಲಕ ಬಂದರೆ ಇನ್ನೊಂದು. ಮಗ್ಗಗಳ ಸದ್ದು ಅವನ ಕಿವಿಯನ್ನು ಒಂದೇ ದಿನ ಕಸಿದುಕೊಳ್ಳಲಿಲ್ಲ, ಎಳೆ ಎಳೆಯಾಗಿ ತೆಗೆಯಿತು. ಅದನ್ನು ಅವನು ಹೊರಗೆ ಯಾರಿಗೂ ಹೇಳಲಿಲ್ಲ. ಎದುರಿನವರು ನಕ್ಕರೆ ನಗುತ್ತಿದ್ದ. ಪ್ರಶ್ನೆಯೆಂದು ಕಂಡರೆ ತಲೆಯಾಡಿಸುತ್ತಿದ್ದ. ಊರು ಅವನನ್ನು ಮೃದು ಸ್ವಭಾವದವನು ಎಂದಿತು.

ಅಂಥ ಮನೆಗೆ ಅವನ ಮಗಳು ದಾನೇಶ್ವರಿ ಒಂದು ಸೋಮವಾರ ಪುಸ್ತಕ ತಂದಳು. ಅವಳ ಶಾಲೆಯ ಟೀಚರು ಬಡಿಗೇರ ಅಕ್ಕೋರು ಹೊಸ ಪದ್ಧತಿ ಶುರುಮಾಡಿದ್ದರು. ವಾರಕ್ಕೊಂದು ಕಥೆಪುಸ್ತಕ ಮನೆಗೆ. ದಿನಾ ಸಂಜೆ ಮಗು ಅದನ್ನು ಮನೆಯ ದೊಡ್ಡವರೊಬ್ಬರಿಗೆ ಗಟ್ಟಿಯಾಗಿ ಓದಬೇಕು. ದೊಡ್ಡವರಿಗೆ ಅಕ್ಷರ ಬರಬೇಕೆಂದಿಲ್ಲ, ಕೂತು ಕೇಳಿದರೆ ಸಾಕು. ಶನಿವಾರ ಆ ದೊಡ್ಡವರು ಶಾಲೆಗೆ ಬಂದು, ಕೇಳಿದ ಕಥೆಯನ್ನು ತಮ್ಮ ಮಾತಿನಲ್ಲಿ ಮಕ್ಕಳಿಗೆ ಹೇಳಬೇಕು. ಹೇಳಿದವರು ಶಾಲೆಯ ಪಡಸಾಲೆಯಲ್ಲಿಟ್ಟ ಸಣ್ಣ ಕೈಮಗ್ಗಕ್ಕೆ ತಮ್ಮ ಕೈಯಿಂದಲೇ ಒಂದು ಬಣ್ಣದ ಹೊಕ್ಕು, ಅಂದರೆ ಅಡ್ಡ ಎಳೆ, ಹಾಕಬೇಕು. ವರ್ಷದ ಕೊನೆಗೆ ಅದೊಂದು ಬಟ್ಟೆ. ಬಹುಮಾನ ಬೇರೆ ಇಲ್ಲ.

ಅವ್ವ ಕಸ್ತೂರಿ ಒಲೆಯ ಮುಂದಿರುವ ಹೊತ್ತು. "ನಾ ಅಪ್ಪಗ ಓದತೀನಿ" ಎಂದಳು ದಾನೇಶ್ವರಿ. ಮುರಿಗೆಪ್ಪ ಗೋಡೆಗೆ ಒರಗಿ ಕೂತು, ಪುಸ್ತಕದ ಚಿತ್ರ ನೋಡುತ್ತ, ಅವಳ ಉಸಿರು ನಿಂತಾಗಲೆಲ್ಲ ತಲೆಯಾಡಿಸಿದ.

ಮೊದಲ ಶನಿವಾರದ ಸಂಗತಿಯನ್ನು ನಾನು ಅವರ ಮಾತಿನಿಂದ ಆಮೇಲೆ ತಿಳಿದೆ. ಪುಸ್ತಕದಲ್ಲಿ ಆಡೊಂದು ಬಾವಿಗೆ ಬಗ್ಗಿರುವ ಚಿತ್ರವಿತ್ತು. ಮುರಿಗೆಪ್ಪ ಮಕ್ಕಳ ಮುಂದೆ ನಿಂತು, ಆಡು ಬಾವಿಗೆ ಬಿದ್ದದ್ದನ್ನೂ ಊರವರು ಹಗ್ಗ ಬಿಟ್ಟು ಎಳೆದದ್ದನ್ನೂ ಚೆನ್ನಾಗಿಯೇ ಹೇಳಿದ. ಆದರೆ ಕಥೆಯಲ್ಲಿ ಆಡು ಬೀಳುವುದೇ ಇಲ್ಲ. ಬಾವಿಯ ಗೋಡೆಯಲ್ಲಿ ಗೂಡು ಕಟ್ಟಿದ ಪಾರಿವಾಳದ ಜೊತೆ ಮಾತಾಡಲು ಅದು ಬಗ್ಗಿದ್ದು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರು ನಕ್ಕರೆಂದು ಅವನೂ ನಕ್ಕ. ಅಕ್ಕೋರು ಮರುಕದಿಂದ ಹೊಕ್ಕಿನ ಲಾಳಿ ಕೊಡಲು ಹೋದರು.

"ಬ್ಯಾಡ್ರಿ ಅಕ್ಕೋರ" ಎಂದಳು ದಾನೇಶ್ವರಿ. "ನಮ್ಮಪ್ಪಗ ನನ್ನ ಓದು ಸೇರೂದಿಲ್ಲ. ಮನಸ ಎಲ್ಲೋ ಇಟ್ಟಿರತಾನ."

ಎರಡನೆಯ ಪುಸ್ತಕ ಬಂತು. ಕೊಡೆ ಕಂಡರೆ ಹೆದರುವ ಎಮ್ಮೆಯ ಕಥೆ. ಅವಳು ಓದಲು ಕೂತಳು, ಆದರೆ ದನಿಯಲ್ಲಿ ಜೀವವಿರಲಿಲ್ಲ. ಮಧ್ಯದಲ್ಲಿ ನಿಂತು ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳ ಕಣ್ಣು ಕಿರಿದಾಯಿತು. ಪುಸ್ತಕದಲ್ಲಿಲ್ಲದ್ದನ್ನು ಅದೇ ರಾಗದಲ್ಲಿ ಓದಿದಳು: "ಎಮ್ಮಿ ಕೊಡಿ ನೋಡಿ ಓಡಿತು. ಓಡಿ ಬಂದು ನಮ್ಮಪ್ಪನ ಮೀಸಿ ಮೇದು ಹೋತು."

"ಚಲೋ ಐತಿ" ಎಂದ ಮುರಿಗೆಪ್ಪ. "ಮುಂದ ಓದವ್ವಾ."

ಹುಡುಗಿಯ ಭುಜಗಳು ನಿಧಾನವಾಗಿ ಸಡಿಲವಾದವು, ನೀರಿನ ಕೊಡ ಇಳಿಸಿದವಳ ಹಾಗೆ. ಓಡಿ ಒಲೆಯ ಬಳಿ ಹೋದಳು.

"ಅವ್ವಾ, ಅಪ್ಪಗ ನನ್ನ ಓದು ಬ್ಯಾಸರಿಲ್ಲ. ಕಿವಿನ ಕೇಳಸೂದಿಲ್ಲ!"

"ನಿನಗ ಈಗ ಗೊತ್ತಾತೇನ?" ಎಂದಳು ಕಸ್ತೂರಿ, ರೊಟ್ಟಿ ತಿರುವಿ ಹಾಕುತ್ತ. "ಯಾರ ಮುಂದನೂ ಹೇಳಬ್ಯಾಡ ಅಂದಾರ ನಿಮ್ಮಪ್ಪ. ನನ್ನ ಗಂಟಲಂತೂ ಹರದು ಹೋಗೇತಿ."

ಸಂಚಿಗೆ ಕೈ ಹಾಕಿ ನನ್ನನ್ನು ತೆಗೆದದ್ದು ದಾನೇಶ್ವರಿ. ನನ್ನ ಹಳೆಯ ಸೆಲ್ಲು ಕೊನೆಯುಸಿರಿನಲ್ಲಿತ್ತು. ಟೀವಿಯ ರಿಮೋಟು ಬಿಚ್ಚಿ ಅದರ ಸೆಲ್ಲನ್ನು ನನಗೆ ಹಾಕಿದಳು. ಮುರಿಗೆಪ್ಪ ನನ್ನನ್ನು ನೋಡಿದ ಕೂಡಲೇ ಮುಖ ತಿರುಗಿಸಿದ.

"ಇದು ಮುದುಕರ ಸಾಮಾನು. ಶೆಡ್ಡಿನಾಗ ನಗತಾರ."

ಕಸ್ತೂರಿ ಅವನೆದುರು ಬಂದು, ಬಾಯಿ ಕಾಣುವ ಹಾಗೆ ನಿಂತು ಕೂಗಿದಳು: "ಶೆಡ್ಡಿನಾಗ ಯಾರಿಗೆ ಕೇಳಸತೈತ್ರಿ? ಎಲ್ಲಾರೂ ನಿಮ್ಮಂಗ!"

ಅವನು ಕದಲಲಿಲ್ಲ. ಆಗ ದಾನೇಶ್ವರಿ ಪುಸ್ತಕ ಮುಚ್ಚಿ ಪಾಟಿಚೀಲಕ್ಕೆ ಹಾಕಿದಳು. "ನಾಳಿ ತಿರಿಗಿ ಕೊಡತೀನಿ. ಇನ್ನ ತರೂದಿಲ್ಲ" ಎಂದಳು. ಆ ಮಾತು ಅವನಿಗೆ ಕೇಳಿಸಲಿಲ್ಲ. ಪುಸ್ತಕ ಚೀಲದೊಳಗೆ ಹೋದದ್ದು ಕಾಣಿಸಿತು. ಬಹಳ ಹೊತ್ತು ಚೀಲವನ್ನೇ ನೋಡುತ್ತ ಕೂತ. ಕೊನೆಗೆ ಕೈ ಚಾಚಿದ, ನನ್ನ ಕಡೆಗೆ.

ನಾನು ಅವನ ಕಿಸೆ ಸೇರಿದೆ. ಗಾಲಿ ತಿರುಗಿತು. ಮೊದಲು ಅವನಿಗೆ ಮುಟ್ಟಿದ್ದು ಅಂಗಿಯ ಸರಬರ, ಆಮೇಲೆ ಒಲೆಯ ಬಳಿ ರೊಟ್ಟಿ ಬಡಿಯುವ ಸದ್ದು. ಅವನ ಎದೆ ಜೋರಾಗಿ ಹೊಡೆದುಕೊಂಡಿತು. ನಾನು ಅಲ್ಲಿಯೇ ಇದ್ದೆನಲ್ಲ, ನನಗೆ ಗೊತ್ತು.

ಕಿವಿ ಎಲ್ಲಿದೆ ಎಂಬುದನ್ನು ಹುಡುಗಿ ಬೇಗ ಅರಿತಳು. ಚೀಲದಿಂದ ಪುಸ್ತಕ ತೆಗೆದು, ಅಪ್ಪನ ಪಕ್ಕಕ್ಕೆ ಸರಿದು, ಕಿಸೆಗೆ ಬಾಯಿ ಹತ್ತಿರ ತಂದು ಓದತೊಡಗಿದಳು. ಅವನು ತಲೆಯಾಡಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ತಡಿ. ಎಮ್ಮಿ ಯಾಕ ಹೆದರತೈತಿ, ಅದನ್ನ ಹೇಳಲಿಲ್ಲ ನೀ" ಎಂದ.

"ಮುಂದ ಬರತೈತಿ ಅಪ್ಪಾ. ಗಡಬಡಿ ಮಾಡಬ್ಯಾಡ."

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆ ಎಂದಳು. ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಭಾಗೀರಥಕ್ಕ ಬಾಗಿಲಿಗೆ ಬಂದು, "ಯಾಕ ಕಸ್ತೂರಿ, ಮೈಯಾಗ ಆರಾಮ ಇಲ್ಲೇನ? ಒದರೂದ ಬಿಟ್ಟಿಯಲ್ಲ" ಎಂದು ವಿಚಾರಿಸಿದಳು.

ಶನಿವಾರ ಮುರಿಗೆಪ್ಪ ಹೊಸ ಅಂಗಿ ಹಾಕಿಕೊಂಡ. ಮನೆ ಬಿಡುವ ಮುಂಚೆ ನನ್ನನ್ನು ಎರಡು ಸಲ ಕಿಸೆಯಿಂದ ತೆಗೆದು ಎರಡು ಸಲ ಒಳಗಿಟ್ಟ. ಶಾಲೆಯಲ್ಲಿ ಎಲ್ಲರ ಕಣ್ಣೂ ಮೊದಲು ವೈರಿಗೆ, ಆಮೇಲೆ ನನಗೆ ಬಿತ್ತು. ಹಿಂದೆ ಕೂತ ನೇಕಾರರಲ್ಲಿ ಒಬ್ಬ ಮತ್ತೊಬ್ಬನಿಗೆ ಕೈಸನ್ನೆ ಮಾಡಿದ. ಮುರಿಗೆಪ್ಪ ಅದನ್ನು ನೋಡಿಯೂ ಕಥೆ ಶುರುಮಾಡಿದ.

ಅರ್ಧದಲ್ಲಿ ನನ್ನ ಸೆಲ್ಲು ಸೋತಿತು. ರಿಮೋಟಿನಲ್ಲಿ ಸವೆದ ಸೆಲ್ಲು, ಎಷ್ಟೆಂದು ತಾಳೀತು? ನಾನು ಮೂಕನಾದೆ. ಅವನು ಒಂದು ಕ್ಷಣ ತಡವರಿಸಿದ, ಕೈ ಗಾಲಿಗೆ ಹೋಯಿತು, ಹಿಂದೆ ಬಂತು. ಆಮೇಲೆ ಮುಂದುವರಿಸಿದ. ಮಳೆ ಬಂತು, ಎಮ್ಮೆ ಕೊಡೆಯ ಕೆಳಗೆ ಬಂದು ನಿಂತಿತು, ತಲೆ ಮಾತ್ರ ಒಳಗೆ, ಉಳಿದ ಮೈಯೆಲ್ಲ ಹೊರಗೆ. ಮಕ್ಕಳ ಬಾಯಿಗಳು ತೆರೆದವು, ಹೆಗಲುಗಳು ಕುಣಿದವು. ಸದ್ದು ಅವನಿಗೂ ಇಲ್ಲ, ನನಗೂ ಇಲ್ಲ. ಆದರೆ ಯಾಕೆ ನಗುತ್ತಾರೆಂದು ಈ ಸಲ ಅವನಿಗೆ ಗೊತ್ತಿತ್ತು. ಅವರಿಗಿಂತ ಮೊದಲೇ ನಕ್ಕಿದ್ದ.

ದಾನೇಶ್ವರಿ ತಾನೇ ಎದ್ದು ಹೋಗಿ ಲಾಳಿ ತಂದು ಅವನ ಕೈಗಿಟ್ಟಳು. ಅವನು ಹಳದಿ ಹೊಕ್ಕು ಹಾಕಿ, ಬಡಿದು, ಬೆರಳಿನಿಂದ ಸವರಿ ನೋಡಿದ. ಹೊರಗೆ ಬಂದಾಗ ಸನ್ನೆ ಮಾಡಿದ್ದ ನೇಕಾರ ಅವನನ್ನು ಗೋಡೆಯ ಮರೆಗೆ ಕರೆದು, ನನ್ನ ಕಡೆ ಬೆರಳು ತೋರಿಸಿ, ಇದು ಎಲ್ಲಿ ಸಿಗುತ್ತದೆ ಎಂಬಂತೆ ಅಂಗೈ ತಿರುವಿದ.

ಈಗ ನನಗೆ ವಯಸ್ಸಾಗಿದೆ. ಗಾಲಿ ಸಡಿಲವಾಗಿದೆ, ವೈರಿಗೆ ಪಟ್ಟಿ ಸುತ್ತಿದ್ದಾರೆ. ಮುರಿಗೆಪ್ಪನಿಗೆ ಕಿವಿಯ ಹಿಂದೆ ಕೂರುವ ಹೊಸ ಯಂತ್ರ ಬಂದಿದೆ. ನಾನು ಗೋಡೆಯ ಮಾಡದಲ್ಲಿ, ಸೆಲ್ಲಿಲ್ಲದೆ ಮಲಗಿದ್ದೇನೆ. ಇದು ಮೌನ, ಆದರೆ ಭಾರವಿಲ್ಲ. ಕೆಳಗೆ ದಾನೇಶ್ವರಿ ದಪ್ಪ ಪುಸ್ತಕಗಳನ್ನು ಓದುತ್ತಾಳೆ, ಮುರಿಗೆಪ್ಪ ಅವಳೊಡನೆ ವಾದಕ್ಕಿಳಿಯುತ್ತಾನೆ. ಏನು ಹೇಳುತ್ತಾರೋ ನನಗೆ ತಿಳಿಯದು. ನಾನಿಲ್ಲದೆಯೂ ಮಾತು ಮುಟ್ಟುತ್ತಿದೆ ಎಂಬುದು ಅವರ ಕೈಗಳಿಂದ ಗೊತ್ತಾಗುತ್ತದೆ. ಅಷ್ಟು ಗೊತ್ತಾದ ಮೇಲೆ ಕೇಳಿಸಿಕೊಳ್ಳಬೇಕೆಂಬ ಆಸೆ ನನಗೇ ಉಳಿದಿಲ್ಲ.