ಬೀಗ ಹಾಕಿದ ಸುರುಳಿ

ಭಾವ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಕಂಡರೆ ಅವಳಿಗೆ ಅಸಹ್ಯವಾಗುತ್ತಿತ್ತು. ಗಂಡನ ಅಣ್ಣನಾದ ಈ ಭಾವನ ಜೊತೆ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಅವಳು ನಡೆಸುತ್ತಿದ್ದ ವರ್ಕ್‌ಶಾಪಿಗೆ ಇದ್ದ ಆಸ್ತಿಯೆಂದರೆ ಮೇಜಿನ ಮೇಲಿನ ಒಂದು ತ್ರೀಡಿ ಪ್ರಿಂಟರ್. ಅದು ಕರಗಿಸಿ ಪದರ ಪದರವಾಗಿ ವಸ್ತು ಕಟ್ಟಲು ಬೇಕಾದ ಪ್ಲಾಸ್ಟಿಕ್ ಎಳೆಯ ಸುರುಳಿಯನ್ನು ಭಾವ ಹಳೇ ಪೊರಕೆ ಹಿಡಿಯೊಂದಕ್ಕೆ ಸಿಕ್ಕಿಸಿ ತೂಗುಹಾಕಿದ್ದರು. ಅದು ಕಿರ್ ಎಂದರೆ ಸಾಕು, ಅಡುಗೆಮನೆಯಿಂದ ಕರಿದುಳಿದ ಎಣ್ಣೆಯ ಬಟ್ಟಲು ಬರುತ್ತಿತ್ತು. ಹಿಡಿಗೂ ಎಣ್ಣೆ, ಎಳೆಗೂ ಎಣ್ಣೆ, ಉಳಿದದ್ದು ಅವರ ತಲೆಗೆ. ಕಮಟು ವಾಸನೆ, ಅಂಟು, ಅಂಟಿಗೆ ಮೆತ್ತಿದ ಧೂಳು, ಧೂಳಿನಲ್ಲಿ ಯಾರದೋ ಕೂದಲು. ಥೂ! ಅದನ್ನು ಮುಟ್ಟಿದ ಕೈಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳ ತಂಗಿ ಟೈಲರ್. ಬಿದ್ದು ಬಲಗೈ ಹೆಬ್ಬೆರಳು ಸೋತ ಮೇಲೆ ಕತ್ತರಿ ಹಿಡಿಯಲಾಗದೆ ಮನೆಯಲ್ಲಿ ಕೂತಿದ್ದಳು. ಬೆರಳಿಗೊಂದು ಆಸರೆಪಟ್ಟಿ ಸಿಕ್ಕರೆ ಕೆಲಸಕ್ಕೆ ಹೋಗಬಹುದು, ಅಲ್ಲಿಯವರೆಗೆ ಜಾಗ ಕಾದಿರಿಸುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಅಕ್ಕ ಪ್ರಿಂಟ್ ಮಾಡಿಕೊಟ್ಟಳು. ಒಂದು ರವಿಕೆ ಕತ್ತರಿಸುವಷ್ಟರಲ್ಲಿ ಪಟ್ಟಿ ಪದರ ಪದರವಾಗಿ ಬಿಚ್ಚಿಕೊಂಡಿತು. ಇನ್ನೊಂದರ ಹಣೆಬರಹವೂ ಅದೇ.

ಎರಡನೆಯದರ ತುಂಡನ್ನು ಮೂಗಿಗೆ ಹಿಡಿದಾಗಲೇ ಅಕ್ಕನಿಗೆ ಗೊತ್ತಾಗಿಹೋಯಿತು. ಜಿಡ್ಡು ಹಿಡಿದ ಎಳೆ ಕರಗಿದರೂ ಪದರಕ್ಕೆ ಪದರ ಕಚ್ಚುವುದಿಲ್ಲ. ಆದರೆ ಅದನ್ನು ಹೇಳಬೇಕೆಂದರೆ ಭಾವನ ಪಕ್ಕ ನಿಲ್ಲಬೇಕು, ಆ ಉಗುರುಗಳನ್ನು ನೋಡಬೇಕು, ಯಂತ್ರಕ್ಕೆ ಎಣ್ಣೆ ಏಕೆ ಬೇಕೆಂಬ ಪುರಾಣಕ್ಕೆ ಕಿವಿಗೊಡಬೇಕು. ಹೇಳಿದರೂ ಆ ಮನುಷ್ಯ ಕೇಳುವುದಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು, ಸುರುಳಿಗೆ ಹೊಸ ಸ್ಟ್ಯಾಂಡ್ ಮಾಡಲು ಕೂತಳು.

ಸುರುಳಿಯ ಅಂಚು ಬೇರಿಂಗ್‌ಗಳ ಮೇಲೆ ಕೂತು ಸದ್ದಿಲ್ಲದೆ ಉರುಳಬೇಕು, ಸುತ್ತ ಗಾಜಿನಂಥ ಹಾಳೆಯ ಪೆಟ್ಟಿಗೆ, ಎಳೆ ಹೊರಬರಲು ಒಂದೇ ತೂತು. ಮೊದಲು ಮಾಡಿದ್ದರಲ್ಲಿ ಮುಚ್ಚಳ ಸುರುಳಿಗೆ ಉಜ್ಜಿತು. ಆಮೇಲಿನದು ಹಗುರವಾಗಿ, ಪ್ರಿಂಟರ್ ಎಳೆದಾಗೆಲ್ಲ ಮೇಜಿನ ಮೇಲೆ ಜಾರಿತು. ಮತ್ತೆ ಅಳತೆ, ಮತ್ತೆ ಕತ್ತರಿಸುವುದು, ಹೀಗೇ ವಾರಗಳು ಕಳೆದವು. ಯಾವಾಗ ಆಗುತ್ತೆ ಎಂದು ತಂಗಿ ಬಂದು ಬಂದು ಕೇಳಿದಳು, ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಳು. ತಳಕ್ಕೆ ಕಬ್ಬಿಣದ ಪಟ್ಟಿ ಜಡಿದು, ಹೊಸ ಸುರುಳಿ ಇಟ್ಟು, ಮುಚ್ಚಳಕ್ಕೆ ಪುಟ್ಟ ಬೀಗ ಹಾಕಿದ ದಿನ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಇನ್ನು ಆ ಕೈ ಒಳಗೆ ಹೋಗುವ ಹಾಗಿಲ್ಲ.

ಪಟ್ಟಿ ಚೊಕ್ಕವಾಗಿ ಬಂತು. ತಂಗಿ ಅದನ್ನು ತೊಟ್ಟು ದಪ್ಪ ಬಟ್ಟೆಯನ್ನು ಉದ್ದಕ್ಕೂ ಕತ್ತರಿಸಿದಳು. ಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಬಟ್ಟಲು ಹಿಡಿದು ಬಂದ ಭಾವ, ಈ ಬೀಗ ಯಾತಕ್ಕೆ ಎಂದು ಕೇಳಿದರು. ಗೆದ್ದ ಗತ್ತಿನಲ್ಲಿ ಅವಳು ಎಲ್ಲವನ್ನೂ ಹೇಳಿಬಿಟ್ಟಳು, ವಾಸನೆಯನ್ನೂ ಬಿಡದೆ.

ಭಾವ ಬಟ್ಟಲನ್ನು ನೋಡಿದರು, ತಂಗಿಯ ಕೈ ನೋಡಿದರು.

"ಎಣ್ಣೆ ಹಾಕ್ಬೇಡಿ ಅಂದಿದ್ರೆ ಅವತ್ತೇ ಬಿಡ್ತಿದ್ದೆನಲ್ಲಮ್ಮ" ಎಂದರು. ಜಗಳದ ದನಿಯಲ್ಲ. ಹಿತ್ತಲಿನ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದರು. ತುಂಬ ಹೊತ್ತು ತೊಳೆದರು.

"ನಿಂಗೆ ಯಾವಾಗಿಂದ ಗೊತ್ತಿತ್ತಕ್ಕ?" ತಂಗಿ ಕೇಳಿದಳು.

"ಎರಡನೇದು ಮುರಿದಾಗಿಂದ."

ತಂಗಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. "ಅಂಗಡಿಯವರು ಕಾದು ಸಾಕಾಗಿ ಹೋದ ವಾರ ಬೇರೆಯವರನ್ನ ಇಟ್ಕೊಂಡ್ರು. ನೀನು ಅಷ್ಟು ಕಷ್ಟಪಡ್ತಿದ್ದೀಯಲ್ಲ, ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

ಅಕ್ಕನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಸಮಾಧಾನ ಮಾಡಲೆಂದು ಕೈ ಚಾಚಿದಳು. ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು.